ಗಾಲ್ಫ್ ಮೈದಾನ ಮುಚ್ಚಿದ ಮೇಲೆ: ಮೊದಲು ನೀರು, ಮಣ್ಣು, ಆಮೇಲೆ ನಕ್ಷೆ

ಬಡಾವಣೆಯ ನಡುವಿನ ಗಾಲ್ಫ್ ಮೈದಾನ ಮುಚ್ಚಿತೆಂದರೆ ಎಲ್ಲರ ಕಣ್ಣೂ ವಿಸ್ತೀರ್ಣದ ಮೇಲೆ. 18 ಹೋಲ್‌ಗಳ ಮೈದಾನ ಸಾಮಾನ್ಯವಾಗಿ 120ರಿಂದ 180 ಎಕರೆ. ಎಷ್ಟು ಸೈಟು ಬೀಳುತ್ತದೆ ಎಂಬ ಲೆಕ್ಕ ಅಂದೇ ಶುರು. ಆದರೆ ಅನೇಕ ಕಡೆ ಸುತ್ತಲಿನ ಮನೆಗಳ ಮಳೆನೀರು ಇಳಿಯುವುದೂ ಅಲ್ಲಿಗೇ. ಆ ನೀರಿಗೆ ದಾರಿ ಗೊತ್ತಾಗದೆ ನಕ್ಷೆಗೆ ಕೈ ಹಾಕಬಾರದು.

ಮನೆಗಳ ಕ್ರಯಪತ್ರ, ಬಡಾವಣೆಯ ಮೂಲ ನಕ್ಷೆಗಳನ್ನು ವಕೀಲರಿಗೆ ತೋರಿಸಿ. ಜಾಗ ಬಯಲಾಗಿಯೇ ಉಳಿಯಬೇಕೆಂಬ ಷರತ್ತು ಇದ್ದರೆ ಅಲ್ಲೇ ಅಡಗಿರುತ್ತದೆ.

ಇನ್ನು ನೀರು. ಮನೆಗಳ ಕಡೆಯ ಚರಂಡಿಗೆ ಬಣ್ಣ ಬಿಟ್ಟು ಯಾವ ಹೊಂಡದಲ್ಲಿ ಕಾಣಿಸಿಕೊಳ್ಳುತ್ತದೆ ನೋಡಿ. ಹಳೆಯ ನಕ್ಷೆಯನ್ನೇ ನಂಬಬೇಡಿ. ಒಂದು ಹೆಕ್ಟೇರ್ ಹೊಂಡದಲ್ಲಿ ನೀರು ಅರ್ಧ ಮೀಟರ್ ಏರಿದರೆ 50 ಲಕ್ಷ ಲೀಟರ್ ಹಿಡಿದಂತಾಯಿತು. ಆ ಹೊಂಡ ಮುಚ್ಚಿದರೆ ಮೊದಲ ಜೋರು ಮಳೆಗೆ ಅಷ್ಟೂ ನೀರು ಹಿತ್ತಲುಗಳಿಗೆ ನುಗ್ಗುತ್ತದೆ. ಹೊಸ ರಸ್ತೆ, ತಾರಸಿಗಳ ನೀರು ಬೇರೆ. ಹೊಂಡ ಉಳಿಸಿ, ಹೂಳು ತೆಗೆಸಿ, ಕೋಡಿಯ ಮಟ್ಟವನ್ನು ಹೊಸ ಲೆಕ್ಕಕ್ಕೆ ಹೊಂದಿಸಿ. ಪಾಚಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಹೂಳನ್ನು ತಾಮ್ರಕ್ಕೆ ಪರೀಕ್ಷಿಸದೆ ಎಲ್ಲೂ ಸುರಿಯಬೇಡಿ.

ಮಣ್ಣಿನ ವಿಷಯದಲ್ಲೇ ಹೆಚ್ಚು ಎಡವಟ್ಟು. ಹಳೆಯ ಮೈದಾನಗಳಲ್ಲಿ ಕಳೆಗೆ ಆರ್ಸೆನಿಕ್, ಹುಲ್ಲಿನ ಶಿಲೀಂಧ್ರಕ್ಕೆ ಪಾದರಸದ ಔಷಧಿ ಬಳಸುತ್ತಿದ್ದರು. ಇವು ಮೇಲ್ಮಣ್ಣಿಗೇ ಅಂಟಿಕೊಂಡು ದಶಕಗಟ್ಟಲೆ ಉಳಿಯುತ್ತವೆ. ಗ್ರೀನ್ (ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣುಪು ಹುಲ್ಲು), ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮತ್ತು ಔಷಧಿ ಕಲಸುತ್ತಿದ್ದ ಶೆಡ್ಡಿನ ಅಂಗಳದಲ್ಲಿ ಹೆಚ್ಚು. ಪ್ರತಿ ಗ್ರೀನ್‌ನಲ್ಲೂ 0–15, 15–30, 30–60 ಸೆಂ.ಮೀ. ಆಳದ ಮಣ್ಣನ್ನು ಬೇರೆ ಬೇರೆಯಾಗಿ ತೆಗೆಯಿರಿ. ಹಣ ಉಳಿಸಲೆಂದು ಹತ್ತು ಜಾಗದ ಮಣ್ಣು ಬೆರೆಸಿ ಒಂದೇ ಸ್ಯಾಂಪಲ್ ಕಳಿಸಿದರೆ ಸರಾಸರಿ ಚೆನ್ನಾಗಿಯೇ ಬರುತ್ತದೆ, ಕೆಟ್ಟ ಜಾಗ ಮಾತ್ರ ಸಿಗುವುದಿಲ್ಲ. ಹೋಲಿಸಿ ನೋಡಲು ಆಟಕ್ಕೆ ಬಳಸದ ಮೂಲೆಯ ಮಣ್ಣನ್ನೂ ಕಳಿಸಿ, ಏಕೆಂದರೆ ಆರ್ಸೆನಿಕ್ ಸಹಜವಾಗಿಯೂ ಮಣ್ಣಿನಲ್ಲಿರುತ್ತದೆ. ವರದಿ ಬರುವ ಮೊದಲೇ ಬುಲ್ಡೋಜರ್ ಬಂದು ದಿಬ್ಬದಂತಿರುವ ಗ್ರೀನನ್ನು ಕೆರೆದು ಪಕ್ಕದ ಬಂಕರಿಗೆ (ಮರಳಿನ ತಗ್ಗಿಗೆ) ತುಂಬಿತೋ, ಕೆಲವು ಲೋಡಿನಲ್ಲಿ ಸಾಗಿಸಬಹುದಿದ್ದ ಮಣ್ಣು ಎಕರೆಗಟ್ಟಲೆ ಹರಡಿತೆಂದೇ ಲೆಕ್ಕ.

ಗ್ರೀನ್‌ಗಳ ಅಡಿಯಲ್ಲಿ ಸುಮಾರು 30 ಸೆಂ.ಮೀ. ಮರಳು, 10 ಸೆಂ.ಮೀ. ಜಲ್ಲಿ, ಅದರ ಕೆಳಗೆ ತೂತಿನ ಪೈಪುಗಳಿರುವುದು ರೂಢಿ. ಅಡಿಪಾಯ ಬರುವ ಕಡೆ ಇಷ್ಟನ್ನೂ ಕಿತ್ತು ಗಟ್ಟಿ ಮಣ್ಣು ಪದರ ಪದರವಾಗಿ ದಮ್ಮಸು ಮಾಡಬೇಕು. ಹಳೆಯ ನೀರಾವರಿ ಪೈಪು ಆಸ್ಬೆಸ್ಟಾಸ್ ಸಿಮೆಂಟಿನದ್ದಾಗಿದ್ದರೆ ಗರಗಸ ಹಾಕಬೇಡಿ. ಪರವಾನಗಿ ಇರುವವರು ಒದ್ದೆ ಮಾಡಿ ಇಡಿಯಾಗಿ ತೆಗೆಯಲಿ.

ಕೊನೆಗೆ ಸೈಟು. ಎರಡು ಸಾಲು ಮನೆಗಳ ನಡುವೆ 60 ಮೀಟರ್ ಅಗಲದ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ಪಟ್ಟಿ) ಇದೆಯೆನ್ನಿ. 10 ಮೀಟರ್ ರಸ್ತೆ, ಎರಡೂ ಬದಿ 25 ಮೀಟರ್ ಆಳದ ಸೈಟು: ಅಲ್ಲಿಗೆ ಮುಗಿಯಿತು, ಹಳೆಯ ಮನೆಗಳಿಗೂ ಹೊಸವಕ್ಕೂ ನಡುವೆ ಒಂದು ಸಾಲು ಗಿಡಕ್ಕೂ ಜಾಗವಿಲ್ಲ. ನಮ್ಮ ಪ್ರಕಾರ ಇಂಥ ಪಟ್ಟಿಗಳನ್ನು ನಡಿಗೆಗೆ, ನೀರಿನ ಹರಿವಿಗೆ ಬಿಡುವುದೇ ಸರಿ. ಕಟ್ಟುವುದಿದ್ದರೆ ಕ್ಲಬ್‌ಹೌಸ್, ಪಾರ್ಕಿಂಗ್, ಡ್ರೈವಿಂಗ್ ರೇಂಜ್ (ಹೊಡೆತ ಅಭ್ಯಾಸ ಮಾಡುವ ಬಯಲು) ಇದ್ದಲ್ಲಿ ಒತ್ತೊತ್ತಾಗಿ ಕಟ್ಟಿ; ದೊಡ್ಡ ರಸ್ತೆ ಹೇಗೂ ಅಲ್ಲಿಯವರೆಗೆ ಬಂದಿರುತ್ತದೆ.