ಮೀಟರ್ ಹಾಕದೆ ‘ಲೋ ಪವರ್’ ಅನ್ನಬೇಡಿ

ಮೈಸೂರು ರಸ್ತೆ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಎಲ್‌ಎಸ್‌ಐ, ಅಂದರೆ ಚಿಪ್ ವಿನ್ಯಾಸದ ಲ್ಯಾಬ್ ನೋಡಿಕೊಳ್ಳುತ್ತೇನೆ. ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟುಗಳು ಬಂದಾಗ ಒಂದಂತೂ ಗ್ಯಾರಂಟಿ. ಶೀರ್ಷಿಕೆಯಲ್ಲಿ ‘ಎಫ್‌ಪಿಜಿಎ’ (ಒಳಗಿನ ಸರ್ಕ್ಯೂಟನ್ನು ನಾವೇ ಬದಲಾಯಿಸಬಹುದಾದ ಚಿಪ್) ಇದ್ದರೆ ಪಕ್ಕದಲ್ಲೇ ‘ಲೋ ಪವರ್’ ಕೂಡ ಇರುತ್ತದೆ. ವೈವಾದಲ್ಲಿ ನನ್ನ ಮೊದಲ ಪ್ರಶ್ನೆ, “ಪವರ್ ಅಳೆದಿದ್ದು ಯಾರು?” ಉತ್ತರವೂ ಪ್ರತಿ ವರ್ಷ ಅದೇ. “ಟೂಲ್ ಹೇಳ್ತು ಮೇಡಂ.”

ಟೂಲ್ ಅಂದರೆ ಚಿಪ್ ವಿನ್ಯಾಸದ ಸಾಫ್ಟ್‌ವೇರ್. ಅದು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಚಿಪ್ ಒಳಗಿನ ತಂತಿಯೊಂದು 0 ಇದ್ದದ್ದು 1 ಆದಾಗ, 1 ಇದ್ದದ್ದು 0 ಆದಾಗ ಕರೆಂಟು ಖರ್ಚಾಗುತ್ತದೆ. ಎಷ್ಟು ಸಲ ಹಾಗಾಗುತ್ತದೆ ಅನ್ನುವುದು ಒಳಗೆ ಬರುವ ಡೇಟಾಗೆ ಬಿಟ್ಟಿದ್ದು. ನಾವು ಏನೂ ಹೇಳದಿದ್ದರೆ ವಿವಾಡೋ ಅನ್ನುವ ಟೂಲ್ ತಾನೇ ಶೇ. 12.5 ಅಂತ ಹಿಡಿದುಕೊಳ್ಳುತ್ತದೆ. ಚಿಪ್‌ನ ಕ್ಲಾಕ್ ಎಂಟು ಸಲ ಮಿಡಿದರೆ ಒಂದು ಸಲ. ಡೇಟಾ ಮೈಕಿನಿಂದ ಬರುತ್ತಿದೆ ಅಂದುಕೊಳ್ಳಿ. ಅಲ್ಲಿ ಗದ್ದಲ ಇರಲಿ, ಸದ್ದೇ ಇಲ್ಲದಿರಲಿ, ಅದಕ್ಕೆ ಎರಡೂ ಒಂದೇ. ‘ಕಾನ್ಫಿಡೆನ್ಸ್ ಲೆವೆಲ್: ಲೋ’ ಅಂತ ಪಾಪ ಅದೇ ಒಪ್ಪಿಕೊಂಡಿರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವಾಗ ಹುಡುಗರು ಸರಿಯಾಗಿ ಆ ಸಾಲನ್ನೇ ಕತ್ತರಿಸಿಬಿಡುತ್ತಾರೆ! ಸಿಮ್ಯುಲೇಷನ್ ಓಡಿಸಿ ಯಾವ ತಂತಿ ಎಷ್ಟು ಸಲ ಬದಲಾಯಿತು ಅಂತ ಬರೆದಿಡುವ ಎಸ್‌ಎಐಎಫ್ ಫೈಲ್ ತೆಗೆದು ಕೊಟ್ಟರೆ ಅಂದಾಜು ಎಷ್ಟೋ ವಾಸಿ. ಆದರೆ ಅಷ್ಟು ತಾಳ್ಮೆ ಯಾರಿಗಿದೆ?

ಹಾಗೆ ನೋಡಿದರೆ ಎಫ್‌ಪಿಜಿಎ ಹುಟ್ಟಿನಿಂದ ಮಿತವ್ಯಯಿ ಏನಲ್ಲ. 1985ರಲ್ಲಿ ಜೈಲಿಂಕ್ಸ್ ಕಂಪನಿ ಮಾರಿದ ಮೊದಲ ಚಿಪ್‌ನಲ್ಲಿ ಇದ್ದದ್ದು 64 ಲಾಜಿಕ್ ಬ್ಲಾಕ್. ತಯಾರಾದ ಮೇಲೂ ಅದರ ಸರ್ಕ್ಯೂಟನ್ನು ನಮಗೆ ಬೇಕಾದ ಹಾಗೆ ಬದಲಾಯಿಸಬಹುದು ಅನ್ನುವುದೇ ಹೊಸದು. ಆ ಅನುಕೂಲಕ್ಕೆ ಬೆಲೆ ಇದೆ. ಟೊರಾಂಟೊ ವಿಶ್ವವಿದ್ಯಾಲಯದ ಕುವಾನ್ ಮತ್ತು ರೋಸ್ 2007ರಲ್ಲಿ 90 ನ್ಯಾನೋಮೀಟರ್ ಚಿಪ್‌ಗಳ ಲೆಕ್ಕ ಪ್ರಕಟಿಸಿದರು. ಬರೀ ಲಾಜಿಕ್ ಮಾತ್ರ ಬಳಸಿದರೆ, ಅದೇ ಕೆಲಸಕ್ಕೆಂದೇ ಮಾಡಿದ ಚಿಪ್‌ಗಿಂತ ಎಫ್‌ಪಿಜಿಎಗೆ ಸುಮಾರು 35 ಪಟ್ಟು ಜಾಗ ಬೇಕು, ಸುಮಾರು 14 ಪಟ್ಟು ಡೈನಾಮಿಕ್ ಪವರ್ (0-1 ಬದಲಾವಣೆಗೆ ತಗಲುವ ಪವರ್) ಬೇಕು. ಗುಣಾಕಾರದ ಬ್ಲಾಕ್, ಮೆಮೊರಿ ಬ್ಲಾಕ್ ಮೊದಲೇ ಕೂರಿಸಿಟ್ಟಿದ್ದರೆ ಆ 14 ಸುಮಾರು 7ಕ್ಕೆ ಇಳಿಯುತ್ತದೆ. ಇಳಿದರೂ ಏಳು ಪಟ್ಟು, ಅಲ್ವಾ?

ಮತ್ತೆ ‘ಲೋ ಪವರ್’ ಅನ್ನುವ ಹೆಸರು ಎಲ್ಲಿಂದ ಬಂತು? ಪ್ರೊಸೆಸರ್ ಪಕ್ಕದಲ್ಲಿ ನಿಲ್ಲಿಸಿದ್ದರಿಂದ. ಸ್ಟ್ಯಾನ್‌ಫೋರ್ಡಿನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಕೆಲವು ಅಂಕಿಗಳನ್ನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ. 45 ನ್ಯಾನೋಮೀಟರ್ ಚಿಪ್‌ನಲ್ಲಿ ಎರಡು 32 ಬಿಟ್ ಪೂರ್ಣಾಂಕ ಕೂಡಿಸಲು ಬೇಕಾಗುವುದು 0.1 ಪೈಕೋಜೌಲ್ (ಜೌಲ್‌ನ ಲಕ್ಷ ಕೋಟಿಯಲ್ಲೊಂದು ಭಾಗ ಒಂದು ಪೈಕೋಜೌಲ್). ಆ ಕೂಡುವ ಕೆಲಸವನ್ನು ಪ್ರೊಸೆಸರ್‌ಗೆ ಒಂದು ಇನ್‌ಸ್ಟ್ರಕ್ಷನ್ ಆಗಿ ಕೊಟ್ಟರೆ ಒಟ್ಟು ಖರ್ಚು ಸುಮಾರು 70. ಇನ್‌ಸ್ಟ್ರಕ್ಷನ್ ತರುವುದು, ಅದೇನು ಅಂತ ತಿಳಿದುಕೊಳ್ಳುವುದು, ರಿಜಿಸ್ಟರ್ ಓದುವುದು, ಎಲ್ಲಾ ಈ ಮೇಲುಖರ್ಚು. ಎಫ್‌ಪಿಜಿಎಯಲ್ಲಿ ಇನ್‌ಸ್ಟ್ರಕ್ಷನ್ ಅನ್ನುವುದೇ ಇಲ್ಲ. ಸರ್ಕ್ಯೂಟೇ ಪ್ರೋಗ್ರಾಂ. ಉಳಿತಾಯ ಆಗುವುದು ಇಲ್ಲಿ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. ಚಿಪ್ ಹೊರಗಿನ ಮೆಮೊರಿಯಾದ ಡಿರ‍್ಯಾಮ್‌ನಿಂದ 64 ಬಿಟ್ ತರಲು 1,300ರಿಂದ 2,600 ಪೈಕೋಜೌಲ್. ಅಂದರೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆ ಕೆಂಗೇರಿಯಿಂದ ಆಟೋ ಮಾಡಿಕೊಂಡು ಕೆ.ಆರ್. ಮಾರ್ಕೆಟ್‌ಗೆ ಹೋಗಿಬಂದ ಹಾಗೆ. ಒಳಗೆ ಎಷ್ಟೇ ಜಾಣತನದ ಸರ್ಕ್ಯೂಟ್ ಕಟ್ಟಿ, ಅಂಕಿಗಳು ಹೊರಗಿನ ಮೆಮೊರಿಯಿಂದ ಬರುತ್ತಿದ್ದರೆ ಉಳಿಸಿದ್ದೆಲ್ಲ ಆಟೋಗೇ ಹೋಯಿತು.

ಇದನ್ನು ನಮ್ಮ ಇಬ್ಬರು ಹುಡುಗಿಯರು ಚೆನ್ನಾಗಿ ತೋರಿಸಿಕೊಟ್ಟರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳ ಗತಿ ಏನಾಯಿತು ಅಂತ ಗೊತ್ತಲ್ಲ. ನೀರಿಲ್ಲದೆ ಒಣಗಿ ಓಡುವ ಮೋಟರನ್ನು ಸದ್ದಿನಿಂದಲೇ ಗುರುತಿಸುವುದು ಅವರ ಪ್ರಾಜೆಕ್ಟ್. ಚಿಕ್ಕ ನ್ಯೂರಲ್ ನೆಟ್‌ವರ್ಕ್. ಮೊದಲು ಜಿಂಕ್ 7020 ಬೋರ್ಡಿನಲ್ಲಿ ಕಟ್ಟಿದರು, ಅದರ ಚಿಪ್‌ನಲ್ಲಿ ಎಫ್‌ಪಿಜಿಎ ಜೊತೆಗೆ ಪ್ರೊಸೆಸರ್ ಕೂಡ ಇರುತ್ತದೆ. ವೆಯ್ಟುಗಳೆಲ್ಲ (ನೆಟ್‌ವರ್ಕ್ ಕಲಿತ ಅಂಕಿಗಳು) 32 ಬಿಟ್ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆಗಳು, ಎಲ್ಲಾ ಡಿಡಿಆರ್‌ನಲ್ಲಿ, ಅಂದರೆ ಅದೇ ಹೊರಗಿನ ಡಿರ‍್ಯಾಮ್‌ನಲ್ಲಿ.

“ಈ ಸದ್ದಿಗೆ 32 ಬಿಟ್ ಯಾಕಮ್ಮ?” ಅಂದೆ.

“ಪೈಥಾನ್‌ನಲ್ಲಿ ಹಾಗೇ ಇತ್ತು ಮೇಡಂ.”

ಹೊರೊವಿಟ್ಜ್ ಪಟ್ಟಿಯ ಪ್ರಕಾರ 32 ಬಿಟ್ ಫ್ಲೋಟ್ ಗುಣಾಕಾರಕ್ಕೆ 3.7 ಪೈಕೋಜೌಲ್, 8 ಬಿಟ್ ಪೂರ್ಣಾಂಕಕ್ಕೆ 0.2. ಅವರು 8 ಬಿಟ್‌ಗೆ ಇಳಿಸಿ ಮತ್ತೆ ಟ್ರೇನ್ ಮಾಡಿದರು. ಫಲಿತಾಂಶ ಹೇಳಿಕೊಳ್ಳುವಷ್ಟು ಕೆಡಲಿಲ್ಲ. 7020ರಲ್ಲಿ 36 ಕಿಲೋಬಿಟ್‌ನ ಬ್ಲಾಕ್ ರ‍್ಯಾಮ್‌ಗಳು (ಚಿಪ್ ಒಳಗಿನ ಮೆಮೊರಿ) 140 ಇವೆ, ಒಟ್ಟು 630 ಕಿಲೋಬೈಟ್. ವೆಯ್ಟುಗಳು ಅದರೊಳಗೇ ಹಿಡಿದವು. ಡಿಡಿಆರ್ ಕಡೆ ಹೋಗುವ ಕೆಲಸವೇ ತಪ್ಪಿತು.

ಟೂಲಿನ ಅಂದಾಜು ಸರ‍್ರನೆ ಇಳಿಯಿತು. ಹುಡುಗಿಯರಿಗೆ ಖುಷಿ. ಆಮೇಲೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ತಂದ ಯುಎಸ್‌ಬಿ ಮೀಟರ್ ಸಿಕ್ಕಿಸಿ ನೋಡಿದರೆ, ಬೋರ್ಡಿನ ಕರೆಂಟು ಅಲ್ಲಾಡಲೇ ಇಲ್ಲ ಅನ್ನಬೇಕು. ಯಾಕೆ ಅಂದರೆ ಆ ಚಿಪ್‌ನಲ್ಲಿ ಎರಡು ಆರ್ಮ್ ಕೋರ್‌ಗಳು ಲಿನಕ್ಸ್ ಓಡಿಸುತ್ತಾ ಕೂತಿವೆ. ನಮ್ಮ ನೆಟ್‌ವರ್ಕ್ ಡಿಡಿಆರ್ ಬಳಸದಿದ್ದರೂ ಅದನ್ನು ರಿಫ್ರೆಶ್ ಮಾಡುತ್ತಿರಬೇಕು. ಈಥರ್ನೆಟ್ ಚಿಪ್ ಬೇರೆ. ನಮ್ಮ ನ್ಯೂರಲ್ ನೆಟ್‌ವರ್ಕಿನ ಖರ್ಚು ಇವೆಲ್ಲದರ ನಡುವೆ ಲೆಕ್ಕಕ್ಕೇ ಇಲ್ಲ.

ಕೊನೆಗೆ ಅದನ್ನು ಐಸ್40 ಅಲ್ಟ್ರಾಪ್ಲಸ್‌ಗೆ ಇಳಿಸಿದರು. ಲ್ಯಾಟಿಸ್ ಕಂಪನಿಯ ಪುಟ್ಟ ಚಿಪ್. 5,280 ಲುಕಪ್ ಟೇಬಲ್ (ಲಾಜಿಕ್ ಕಟ್ಟುವ ಚಿಕ್ಕ ತುಣುಕು), ಎಂಟು ಗುಣಾಕಾರದ ಬ್ಲಾಕ್, 128 ಕಿಲೋಬೈಟ್ ದೊಡ್ಡ ರ‍್ಯಾಮ್, ಅಷ್ಟೇ. ನೆಟ್‌ವರ್ಕನ್ನು ಇನ್ನಷ್ಟು ಕತ್ತರಿಸಬೇಕಾಯಿತು. ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಅನ್ನುವ ಉಚಿತ ಟೂಲುಗಳಲ್ಲೇ ಎಲ್ಲಾ ಮಾಡಿದರು, ಲೈಸೆನ್ಸ್ ಸರ್ವರ್ ಬಿದ್ದುಹೋಗುವ ತಲೆನೋವಿಲ್ಲ. ಈ ಸಲ ಯುಎಸ್‌ಬಿ ಮೀಟರ್ 0.00 ತೋರಿಸಿತು. ಹುಡುಗಿಯರು ಅದನ್ನೇ ರಿಪೋರ್ಟಿಗೆ ಹಾಕಲು ಹೊರಟಿದ್ದರು! ಎಷ್ಟು ಕಡಿಮೆ ಅಂತ ಹೇಳುವ ಯೋಗ್ಯತೆ ಆ ಮೀಟರಿಗಿಲ್ಲ, ಅಷ್ಟೇ.

ಔಟರ್ ರಿಂಗ್ ರೋಡಿನಲ್ಲಿ ಕೆಲಸ ಮಾಡುವ ನನ್ನ ಹಳೇ ಕ್ಲಾಸ್‌ಮೇಟ್ ಒಬ್ಬ ಇದನ್ನು ಕೇಳಿ ನಕ್ಕ. “ಇದಕ್ಕೆ ಎಫ್‌ಪಿಜಿಎ ಯಾಕೆ ಮಾರಾಯ್ತಿ? ಒಂದು ಮೈಕ್ರೋಕಂಟ್ರೋಲರ್ ಹಾಕು. ಆಗಾಗ ಎದ್ದು ಕೇಳಿಸಿಕೊಂಡು ಮತ್ತೆ ಮಲಗುತ್ತೆ.” ಅವನ ಮಾತಲ್ಲಿ ತಪ್ಪಿಲ್ಲ. ಬಿಟ್ಟುಬಿಟ್ಟು ಬರುವ ಕೆಲಸಕ್ಕೆ ಅದೇ ಸರಿ. ಡೇಟಾ ಎಡೆಬಿಡದೆ ಹರಿದು ಬರುತ್ತಿದ್ದು, ಪ್ರತಿ ಸ್ಯಾಂಪಲ್ ಮೇಲೂ ಅದೇ ಲೆಕ್ಕ ಮಾಡಬೇಕಿದ್ದರೆ ಮಾತ್ರ ಎಫ್‌ಪಿಜಿಎ ತನ್ನ ಬೆಲೆ ತೀರಿಸುತ್ತದೆ. ಮೈಕ್ರೋಸಾಫ್ಟ್ 2014ರಲ್ಲಿ ಪ್ರಕಟಿಸಿದ ಕ್ಯಾಟಪಲ್ಟ್ ಅಂಥದ್ದು. 1,632 ಸರ್ವರ್‌ಗಳಲ್ಲಿ ಎಫ್‌ಪಿಜಿಎ ಕೂರಿಸಿ ಬಿಂಗ್ ಹುಡುಕಾಟದ ರ‍್ಯಾಂಕಿಂಗ್ ಮಾಡಿಸಿದರು. ಪ್ರತಿ ಸರ್ವರ್ ಮಾಡುವ ಕೆಲಸ ಶೇ. 95 ಹೆಚ್ಚಾಯಿತು, ಕರೆಂಟು ಹೆಚ್ಚಿದ್ದು ಸುಮಾರು ಶೇ. 10 ಮಾತ್ರ.

ಇನ್ನೊಂದು ದಾರಿಯೂ ಇದೆ, ನನಗೆ ಅದು ಜಾಸ್ತಿ ಇಷ್ಟ. ಎಫ್‌ಪಿಜಿಎಯಲ್ಲಿ ಕರೆಂಟು ಹೆಚ್ಚು ತಿನ್ನುವುದು ಲೆಕ್ಕ ಮಾಡುವ ಭಾಗ ಅಲ್ಲ, ನಡುವಿನ ತಂತಿ ಮತ್ತು ಸ್ವಿಚ್‌ಗಳು. ಒಂದೊಂದು ಬಿಟ್ಟನ್ನೂ ಬೇಕಾದ ಕಡೆ ತಿರುಗಿಸುವ ಸ್ವಾತಂತ್ರ್ಯಕ್ಕೆ ತೆರುವ ತೆರಿಗೆ ಅದು. ಬಿಟ್ ಬಿಟ್ಟು ಇಡೀ ‘ವರ್ಡ್’ ಅನ್ನೇ, ಅಂದರೆ ಬಿಟ್ಟುಗಳ ಒಂದು ಗುಂಪನ್ನೇ, ಒಂದು ಘಟಕ ಅಂತ ಇಟ್ಟುಕೊಂಡರೆ ಸ್ವಿಚ್ಚೂ ಕಡಿಮೆ, ಕಾನ್ಫಿಗರೇಷನ್ ಬಿಟ್ಟುಗಳೂ ಕಡಿಮೆ. ಇಂಥ ಚಿಪ್‌ಗಳಿಗೆ ಸಿಜಿಆರ್‌ಎ (ಕೋರ್ಸ್ ಗ್ರೇನ್ಡ್ ರಿಕಾನ್ಫಿಗರಬಲ್ ಅರೇ) ಅನ್ನುತ್ತಾರೆ. ನಮ್ಮ ಊರಿನ ಐಐಎಸ್‌ಸಿಯಲ್ಲೇ ಪ್ರೊ. ಎಸ್.ಕೆ. ನಂದಿ ಅವರ ತಂಡ ‘ರಿಡಿಫೈನ್’ ಅನ್ನುವ ಇಂಥದ್ದೊಂದನ್ನು ಕಟ್ಟಿದೆ. ಮಲ್ಲೇಶ್ವರದ ಪಕ್ಕದಲ್ಲೇ ಇದು ನಡೆದಿದೆ ಅಂತ ಗೊತ್ತಿಲ್ಲದೆ ನಮ್ಮ ಹುಡುಗರು ಅಮೆರಿಕದ ಪೇಪರ್ ಹುಡುಕುತ್ತಿರುತ್ತಾರೆ.

ಈ ಸೆಮಿಸ್ಟರ್‌ನಿಂದ ನನ್ನ ಲ್ಯಾಬಿನಲ್ಲಿ ಮೂರು ರೀಡಿಂಗ್ ಕಡ್ಡಾಯ. ಡಿಸೈನ್ ಹಾಕುವ ಮೊದಲು, ಹಾಕಿ ಕ್ಲಾಕ್ ನಿಲ್ಲಿಸಿದಾಗ, ಓಡುವಾಗ. ಚಿಕ್ಕ ಚಿಪ್ ಆದರೆ ಯುಎಸ್‌ಬಿ ಮೀಟರ್ ನಂಬುವ ಹಾಗಿಲ್ಲ. 1.2 ವೋಲ್ಟಿನ ಕೋರ್ ಸಪ್ಲೈ ದಾರಿಯಲ್ಲಿ ಒಂದು ಓಮ್ ರೆಸಿಸ್ಟರ್ ಸೇರಿಸಿ, ಅದರ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಎಷ್ಟು ಮಿಲಿವೋಲ್ಟ್ ಬಂತೋ ಅಷ್ಟೇ ಮಿಲಿಆಂಪ್. ಒಂದೇ ಲೆಕ್ಕ ಮಾಡಿಸಿ ನೋಡಿದರೆ ಏನೂ ಕಾಣುವುದಿಲ್ಲ. ಲೂಪ್‌ನಲ್ಲಿ ಒಂದು ನಿಮಿಷ ಓಡಿಸಿ, ಎಷ್ಟು ಲೆಕ್ಕ ಆಯಿತು ಅಂತ ಎಣಿಸಿ, ಒಟ್ಟು ಜೌಲನ್ನು (ವೋಲ್ಟ್ × ಆಂಪ್ × ಸೆಕೆಂಡ್) ಅದರಿಂದ ಭಾಗಿಸಿ. ಶೀರ್ಷಿಕೆಯಲ್ಲಿ ಏನು ಬರೆಯಬೇಕು ಅಂತ ಆಮೇಲೆ ಮಾತಾಡೋಣ.