ಆಕಾರವಿಲ್ಲದ ಪ್ರೋಟೀನಿಗೆ ಟ್ಯಾಗ್: ಮೊದಲ ರೇಖಾಚಿತ್ರ ಬಂತು

ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನಿನ ಸರಪಳಿಗಳ ಮೇಲೆ ಪ್ಯಾರಾಮ್ಯಾಗ್ನೆಟಿಕ್ ಟ್ಯಾಗ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಪುಟ್ಟ ಗುರುತು) ಕೂರಿಸಿ, ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟ ಪರಮಾಣುಗಳ ಸಂಕೇತ ಅಳೆಯುವ ವಿಧಾನ) ರೋಹಿತದಲ್ಲಿ ಯಾವ ಸಂಕೇತ ಎಷ್ಟು ಕುಗ್ಗಬೇಕು ಎಂದು ಲೆಕ್ಕ ಹಾಕುವ ನನ್ನ ಪ್ರೋಗ್ರಾಂ ಈಗ ಎಲ್ಲೂ ನಿಲ್ಲದೆ ಓಡುತ್ತಿದೆ. ಕಲಬುರಗಿಯ ಬಿಸಿಲಿಗೆ ಹಗಲು ಲ್ಯಾಪ್‌ಟಾಪ್ ಕಾದು ಮಂದವಾಗುತ್ತದೆ. ಹಾಗಾಗಿ ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲಿಟ್ಟು ಓಡಿಸುತ್ತೇನೆ. ಪ್ರಯೋಗ ಮಾಡುವ ದೊಡ್ಡ ಯಂತ್ರ ನನ್ನ ಕಾಲೇಜಿನಲ್ಲಿಲ್ಲ. ಆದರೆ ಅಳತೆಯ ಹಿಂದಿರುವ ತರ್ಕವನ್ನು ಕೈಯಾರೆ ಕಟ್ಟಿ ನೋಡಲು ಯಂತ್ರವೇ ಬೇಕೆಂದಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. 140 ಅಮೈನೋ ಆಮ್ಲಗಳ ಈ ಪ್ರೋಟೀನ್ ಪಾರ್ಕಿನ್ಸನ್ ರೋಗಿಗಳ ಮೆದುಳಿನ ನರಕೋಶಗಳಲ್ಲಿ ಗಂಟುಗಟ್ಟಿಕೊಂಡಿರುತ್ತದೆ. ಗಂಟಾಗುವ ಮುನ್ನ, ದ್ರಾವಣದಲ್ಲಿ ಬಿಡಿಯಾಗಿದ್ದಾಗ, ಅದಕ್ಕೆ ಸ್ಥಿರವಾದ ಮಡಿಕೆಯೇ ಇಲ್ಲ. ಅದರಲ್ಲಿ ಸಿಸ್ಟೀನ್ ಎಂಬ ಗಂಧಕವಿರುವ ಅಮೈನೋ ಆಮ್ಲ ಒಂದೂ ಇಲ್ಲದಿರುವುದು ದೊಡ್ಡ ಅನುಕೂಲ: ಬೇಕಾದ ಜಾಗಕ್ಕೆ ಒಂದೇ ಒಂದು ಸಿಸ್ಟೀನ್ ತಂದು, ಅದರ ಗಂಧಕಕ್ಕೆ ಎಂಟಿಎಸ್‌ಎಲ್ ಎಂಬ ನೈಟ್ರಾಕ್ಸೈಡ್ ಟ್ಯಾಗನ್ನು ಜೋಡಿಸುತ್ತಾರೆ. ಟ್ಯಾಗ್‌ನಲ್ಲಿರುವ ಒಂಟಿ ಎಲೆಕ್ಟ್ರಾನಿನ ಕಾಂತೀಯ ಮೊಮೆಂಟ್ ಪ್ರೋಟಾನಿನದಕ್ಕಿಂತ ಸುಮಾರು 658 ಪಟ್ಟು. ಅದರ ಸಮೀಪಕ್ಕೆ ಬಂದ ಹೈಡ್ರೋಜನ್‌ಗಳ ಸಂಕೇತ ಅಗಲವಾಗಿ ಹರಡಿ ತಗ್ಗುತ್ತದೆ. ಸುಮಾರು 25 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ದಾಟಿದರೆ ಪರಿಣಾಮ ಕಾಣುವುದಿಲ್ಲ. ಆಮೇಲೆ ಅದೇ ಮಾದರಿಗೆ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಬೆರೆಸುತ್ತಾರೆ. ಟ್ಯಾಗ್ ಇದ್ದಲ್ಲೇ ಇರುತ್ತದೆ, ಎಲೆಕ್ಟ್ರಾನಿಗೆ ಮಾತ್ರ ಜೋಡಿ ಸಿಕ್ಕಿ ಅದರ ಪ್ರಭಾವ ಅಡಗುತ್ತದೆ. ಎರಡು ರೋಹಿತಗಳಲ್ಲಿನ ಸಂಕೇತದ ಎತ್ತರಗಳ ಅನುಪಾತವೇ ಫಲಿತಾಂಶ: 1 ಎಂದರೆ ಸಂಕೇತ ಕುಗ್ಗಿಲ್ಲ, ಅದಕ್ಕಿಂತ ಕಡಿಮೆಯಾದಷ್ಟೂ ಟ್ಯಾಗ್ ಹತ್ತಿರ. ಹೋಲಿಕೆಗೆ ಬೇರೆ ಪ್ರೋಟೀನನ್ನು ತಯಾರಿಸಬೇಕಾಗಿಯೇ ಇಲ್ಲ. ತರಗತಿಯಲ್ಲಿ ಇದನ್ನು ವಿವರಿಸುವಾಗಲೆಲ್ಲ ನನಗೆ ಉತ್ಸಾಹ ಉಕ್ಕುತ್ತದೆ.

ಈಗ ರೇಖಾಚಿತ್ರಕ್ಕೆ ಬರುತ್ತೇನೆ. ಯಾದೃಚ್ಛಿಕವಾಗಿ ಬಾಗಿದ ಕೆಲವು ಸಾವಿರ ಸರಪಳಿಗಳನ್ನು ಕಟ್ಟಿ, 24ನೇ ಸ್ಥಾನದಲ್ಲಿ ಟ್ಯಾಗ್ ಇಟ್ಟೆ. ಅದರ ಎರಡೂ ಬದಿಗೆ ಹತ್ತು ಹದಿನೈದು ಸ್ಥಾನಗಳವರೆಗೆ ಆಳವಾದ ತಗ್ಗು. ಅಲ್ಲಿಂದಾಚೆ ಸರಪಳಿಯ ಕೊನೆಯ ಭಾಗವಾದ ಬಾಲದ ತುದಿಯವರೆಗೂ ಗೆರೆ 1ರ ಮಟ್ಟದಲ್ಲೇ ಸಾಗುತ್ತದೆ. ಬಾಲದಲ್ಲಿ ಮಾತ್ರ 108, 117, 120, 128, 138ರಲ್ಲಿ ಗೆರೆ ತುಂಡಾಗಿದೆ. ಅವು ಪ್ರೋಲಿನ್ ಎಂಬ ಅಮೈನೋ ಆಮ್ಲಗಳು, ಅಳೆಯಬೇಕಾದ ಅಮೈಡ್ ಹೈಡ್ರೋಜನ್ (ಸರಪಳಿಯ ಸಾರಜನಕಕ್ಕೆ ಅಂಟಿದ ಹೈಡ್ರೋಜನ್) ಅವುಗಳಲ್ಲಿಲ್ಲ.

"ಮೇಡಂ, ಆಕಾರವೇ ಇಲ್ಲದ್ದರ ದೂರ ಅಳೆದು ಏನು ಮಾಡುತ್ತೀರಿ?" ಎಂದು ಆಳಂದದಿಂದ ಬರುವ ವಿದ್ಯಾರ್ಥಿಯೊಬ್ಬ ಕೇಳಿದ. ಬಹಳ ಒಳ್ಳೆಯ ಪ್ರಶ್ನೆ. ಉತ್ತರಕ್ಕಾಗಿ ಇಬ್ಬರೂ ಕೂತು ಕಾಗದದ ಮೇಲೆ ಒಂದು ಲೆಕ್ಕ ಮಾಡಿದೆವು. ನೂರರಲ್ಲಿ 95 ಸರಪಳಿಗಳಲ್ಲಿ ಟ್ಯಾಗ್‌ಗೂ 125ನೇ ಸ್ಥಾನದ ಹೈಡ್ರೋಜನ್‌ಗೂ 50 ಆಂಗ್‌ಸ್ಟ್ರಾಮ್ ಅಂತರ, ಉಳಿದ 5ರಲ್ಲಿ ಬರೀ 12 ಎಂದಿಟ್ಟುಕೊಳ್ಳಿ. ಸಾಮಾನ್ಯ ಸರಾಸರಿ 48.1. ಆದರೆ ಟ್ಯಾಗ್‌ನ ಪರಿಣಾಮ ದೂರದ ಆರನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಆ ಪ್ರಕಾರ ಸರಾಸರಿ ತೆಗೆದರೆ ಸಿಗುವುದು 19.8! ಶರಣಬಸವೇಶ್ವರ ಜಾತ್ರೆಯ ಗದ್ದಲದಲ್ಲೂ ಕಿವಿಯ ಪಕ್ಕದಲ್ಲಿ ಊದಿದ ಪೀಪಿಯೇ ಕೇಳಿಸುವಂತೆ, ಹತ್ತಿರ ಬಂದ ಆ ಐದು ಸರಪಳಿಗಳೇ ಉಳಿದ ತೊಂಬತ್ತೈದನ್ನು ಮುಚ್ಚಿಹಾಕುತ್ತವೆ. 600 ಮೆಗಾಹರ್ಟ್ಸ್ ಯಂತ್ರ, 4 ನ್ಯಾನೋಸೆಕೆಂಡಿನ ಚಲನೆ, ಟ್ಯಾಗ್ ಇಲ್ಲದಾಗ ಸೆಕೆಂಡಿಗೆ 5ರ ಸಹಜ ಶಿಥಿಲನ ದರ (ಸಂಕೇತ ತಾನಾಗಿಯೇ ಅಳಿಯುವ ವೇಗ), ಒಂದು ಪರಮಾಣುವಿನಿಂದ ಇನ್ನೊಂದಕ್ಕೆ ಸಂಕೇತ ದಾಟಿಸುವ 10 ಮಿಲಿಸೆಕೆಂಡಿನ ವರ್ಗಾವಣೆ ಅವಧಿ ಎಂದು ಹಿಡಿದರೆ ಸಂಕೇತ 0.58ಕ್ಕೆ ಕುಸಿಯುತ್ತದೆ. ಆ ಐದನ್ನು ತೆಗೆದುಬಿಟ್ಟರೆ ಅದು ಹೆಚ್ಚುಕಡಿಮೆ 1.

ಆದ್ದರಿಂದ 19.8ನ್ನು ಈ ಪ್ರೋಟೀನಿನ ಒಂದು ದೂರವೆಂದು ಹಿಡಿದು, ಅದಕ್ಕೆ ಹೊಂದುವ ಒಂದೇ ಆಕಾರವನ್ನು ಬಿಡಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಸರಪಳಿಯೂ ಆ ದೂರದಲ್ಲಿ ಇರಲಿಲ್ಲ. ಅಳತೆ ಹೇಳುವುದು ಇಷ್ಟೇ: ಅಪರೂಪದ ಒಂದು ಭೇಟಿ ಇದೆ. ಅದೇ ಈ ವಿಧಾನದ ದೊಡ್ಡ ಶಕ್ತಿ. ಅಷ್ಟು ಕ್ಷಣಿಕವಾದ ಭೇಟಿಯನ್ನು ಹಿಡಿಯುವ ದಾರಿಗಳು ಬಹಳ ಕಡಿಮೆ. ಈ ಪ್ರೋಟೀನಿನ ಋಣಾವೇಶ ತುಂಬಿದ ಬಾಲ ಆಗಾಗ ನಡುಭಾಗದತ್ತ ಬಾಗುತ್ತದೆ ಎಂಬುದು 2005ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ಗೊತ್ತಾದದ್ದೂ ಹೀಗೆಯೇ.

ಇನ್ನು ಮುಂದಿನ ಕೆಲಸ. ಸದ್ಯಕ್ಕೆ ಟ್ಯಾಗ್ ಎಂದರೆ ನನ್ನ ಪ್ರೋಗ್ರಾಂನಲ್ಲಿ ಒಂದು ಚುಕ್ಕೆ. ನಿಜವಾದ ಎಂಟಿಎಸ್‌ಎಲ್ ಐದು ಬಂಧಗಳ ಸುತ್ತ ತಿರುಗಬಲ್ಲದು, ಆ ತಿರುವುಗಳನ್ನು ಸೇರಿಸಬೇಕು. ಜೊತೆಗೆ, ತಗ್ಗು ಕಂಡದ್ದು ಅದೇ ಅಣುವಿನ ಬಾಗುವಿಕೆಯಿಂದಲೋ ಪಕ್ಕದ ಅಣುವಿನ ಟ್ಯಾಗ್‌ನಿಂದಲೋ ಎಂಬುದನ್ನು ಬೇರ್ಪಡಿಸಬೇಕು. ಪ್ರಯೋಗಶಾಲೆಯಲ್ಲಿ ಇದಕ್ಕೆ ಟ್ಯಾಗ್ ಇಲ್ಲದ, ಸಾರಜನಕ-15ರ (ತುಸು ಭಾರದ ಸಾರಜನಕ) ಪ್ರೋಟೀನಿನೊಂದಿಗೆ ಟ್ಯಾಗ್ ಇರುವ ಸಾಮಾನ್ಯ ಸಾರಜನಕದ ಪ್ರೋಟೀನನ್ನು ಬೆರೆಸುತ್ತಾರೆ. ಮೊದಲನೆಯದು ಮಾತ್ರ ರೋಹಿತದಲ್ಲಿ ಕಾಣುವುದರಿಂದ, ತಗ್ಗು ಬಂದರೆ ಅದು ಪಕ್ಕದ ಅಣುವಿನದೇ. ಎರಡು ಸರಪಳಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬಿಟ್ಟು ಲೆಕ್ಕ ಹಾಕುವ ಭಾಗವನ್ನು ಆ ವಿದ್ಯಾರ್ಥಿಯೇ ಬರೆಯಲು ಶುರುಮಾಡಿದ್ದಾನೆ.