ಕಸೂತಿ ಸೆರಗು: ತಲೆಗೆ ಪೆಟ್ಟು ಬಿದ್ದ ಮೇಲೆ ಕೆಲಸ ಎಲ್ಲಿಗೆ ಬಂತು

ಕರಿ ಚಂದ್ರಕಳಿ ಸೀರೆಯ ಸೆರಗಿನಲ್ಲಿ ಗೋಪುರದ ಸಾಲು ಮುಗಿದಿದೆ. ತೇರು ಅರ್ಧ ಆಗಿದೆ. ಆನೆ, ತುಳಸಿ ಕಟ್ಟೆ ಇನ್ನೂ ಶುರುವಾಗಿಲ್ಲ. ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಕಾಲು ಜಾರಿ ತಲೆಯ ಹಿಂಭಾಗಕ್ಕೆ ಪೆಟ್ಟು ಬಿತ್ತು. ಡಾಕ್ಟರು ಕಂಕಷನ್ ಅಂದರು, ಅಂದರೆ ಪೆಟ್ಟಿನಿಂದ ಮಿದುಳಿನ ಕೆಲಸ ಕೆಲಕಾಲ ಏರುಪೇರಾಗುವುದು. ಅಲ್ಲಿಂದ ಸೂಜಿ ನಿಧಾನಕ್ಕೆ ನಡೆಯುತ್ತಿದೆ.

ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಕಂಕಷನ್ ಆದವರಿಗೆ ಸಾಮಾನ್ಯವಾಗಿ ಹಾಗೇ. ಸ್ಕ್ಯಾನ್‌ನಲ್ಲಿ ರಕ್ತ ಸೋರಿದ್ದು, ಮೂಳೆ ಬಿರುಕು ಬಿಟ್ಟಿದ್ದು ಗೊತ್ತಾಗುತ್ತದೆ. ಮಿದುಳಿನ ಜೀವಕೋಶಗಳು ಕೆಲಸ ಮಾಡುವ ರೀತಿ ಏರುಪೇರಾಗಿದ್ದು ಗೊತ್ತಾಗುವುದಿಲ್ಲ. ಅದು ಸರಿಹೋಗಲು ಜಾಸ್ತಿ ಶಕ್ತಿ ಬೇಕು, ಅದಕ್ಕೇ ಅಷ್ಟು ಸುಸ್ತು. "ಸ್ಕ್ಯಾನ್ ನಾರ್ಮಲ್ ಅಲ್ವಾ, ಮತ್ತೇನು?" ಅಂತ ಕೇಳುವವರಿಗೆ ಇದನ್ನು ಕೂರಿಸಿ ಹೇಳಬೇಕು. ಆದರೆ ಪೆಟ್ಟು ಬಿದ್ದ ಮೇಲೆ ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಫಿಟ್ಸ್ ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಮೊದಲ ಒಂದೆರಡು ದಿನ ಬರೀ ವಿಶ್ರಾಂತಿ. ಫೋನ್ ಮುಟ್ಟಲಿಲ್ಲ. ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೂಡ ತಲೆಯೊಳಗೇ ಕೇಳುತ್ತಿತ್ತು. ಆಮೇಲೆ ಡಾಕ್ಟರು ಎದ್ದು ಓಡಾಡಲು ಹೇಳಿದರು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗುವ ಸಲಹೆ ಈಗ ಹಳೆಯದಾಯಿತು. ಆಟಗಾರರ ತಲೆಪೆಟ್ಟಿನ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರೂ 24ರಿಂದ 48 ಗಂಟೆ ಹೆಚ್ಚು ಕೆಲಸ ಮಾಡದೆ ಇದ್ದು, ಆಮೇಲೆ ನಡಿಗೆಯಂಥ ಚಟುವಟಿಕೆ ಶುರು ಮಾಡಿ ಎಂದೇ ಹೇಳಿದ್ದಾರೆ. ನೋವಿಗೆ 10ರಲ್ಲಿ ಎಷ್ಟು ಅಂತ ಅಂಕ ಕೊಟ್ಟುಕೊಳ್ಳಬೇಕು. ಕೆಲಸ ಮಾಡುವಾಗ ಅದು ಮೊದಲಿದ್ದದ್ದಕ್ಕಿಂತ 2 ಅಂಕಕ್ಕೂ ಜಾಸ್ತಿ ಏರಿದರೆ ಅಲ್ಲಿಗೇ ನಿಲ್ಲಿಸಬೇಕು. ಸ್ವಲ್ಪ ಏರಿ ಒಂದು ಗಂಟೆಯೊಳಗೆ ಇಳಿದರೆ ಹೆದರಬೇಕಿಲ್ಲ.

ಈ ಅಳತೆಗೆ ನನಗೆ ಗವಂತಿ ಹೊಲಿಗೆ ತುಂಬಾ ಉಪಯೋಗಕ್ಕೆ ಬಂತು. ಗವಂತಿಯಲ್ಲಿ ಎಳೆ ಎಣಿಸಿ ಸೂಜಿ ಹಾಕುತ್ತಾ ಹೋಗುತ್ತೇವೆ, ನಡುನಡುವೆ ಖಾಲಿ ಉಳಿಯುತ್ತದೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಆ ಖಾಲಿ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಹೋಗುವಾಗ ಒಂದು ಎಳೆ ಆಚೀಚೆ ಆದರೂ ವಾಪಸ್ ಬರುವ ಸೂಜಿಗೆ ಜಾಗ ಸಿಗುವುದಿಲ್ಲ. ನನ್ನ ಮಿದುಳು ದಣಿದಾಗ ಮೊದಲು ತಪ್ಪುವುದು ಈ ಎಣಿಕೆ. ತಲೆನೋವು ಬರುವುದು ಅದಾದ ಮೇಲೆ. ತೇರಿನ ಕಳಸದ ಹತ್ತಿರ ಇದನ್ನು ಸ್ಪಷ್ಟವಾಗಿ ಕಂಡೆ. ನಾಲ್ಕು ಎಳೆ ಅಂತ ಎಣಿಸುತ್ತಿದ್ದೇನೆ, ಮೂರಾದ ಮೇಲೆ ಏನು ಅಂತ ಹೊಳೆಯುತ್ತಿಲ್ಲ. ನೋವು ಮಾತ್ರ ಇನ್ನೂ ಇಲ್ಲ.

ಕಸೂತಿ ಕಲಿಸಿದ ಕಾಕು ಬಂದು ನೋಡಿ, "ತಲಿ ನೋಯೂತನಕ ಕುಂದರಬ್ಯಾಡವಾ, ಅದಕ್ಕ ಮೊದಲ ಏಳು," ಅಂದರು. ಈಗ ಫೋನಿನಲ್ಲಿ ಟೈಮರ್ ಇಟ್ಟು ಕೂರುತ್ತೇನೆ. ಗಂಟೆ ಹೊಡೆದರೆ, ತಲೆ ಹಗುರಾಗಿದ್ದರೂ ಏಳುತ್ತೇನೆ. ಕರಿ ಬಟ್ಟೆಯ ಎಳೆ ಕಣ್ಣಿಗೆ ತ್ರಾಸು ಕೊಡುತ್ತದೆ. ಹಾಗಾಗಿ ಕೆಲವು ವಾರ ಸೀರೆ ಮಡಚಿಟ್ಟು ಎಳೆ ಸುಲಭವಾಗಿ ಎಣಿಸಬಹುದಾದ ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಅಭ್ಯಾಸ ಮಾಡಿದೆ. ಟ್ಯೂಬ್‌ಲೈಟ್ ಬೇಡ, ಕಿಟಕಿ ಪಕ್ಕದ ಬೆಳಕು ಸಾಕು.

ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ಅರ್ಧ ದಿನದಿಂದ ಶುರು ಮಾಡಿದ್ದೇನೆ. ಸ್ಕ್ರೀನ್ ಮೇಲೆ ಸಾಲುಗಳು ಓಡಿದರೆ ತಲೆ ಸುತ್ತುತ್ತದೆ, ಆದ್ದರಿಂದ ಶೀಟ್‌ಗಳನ್ನು ಪ್ರಿಂಟ್ ತೆಗೆದು ಸ್ಕೇಲ್ ಇಟ್ಟು ಓದುತ್ತೇನೆ. ಟ್ಯಾಲಿ ಮಾಡುವುದೆಲ್ಲ ಬೆಳಿಗ್ಗೆ, ಫೋನ್ ಮಾತು, ಫೈಲಿಂಗ್ ಆಮೇಲೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಇನ್ನೂ ಕಷ್ಟ. ಅದನ್ನು ಸಹೋದ್ಯೋಗಿಗಳಿಗೆ ನೇರವಾಗಿ ಹೇಳಿದೆ, ಅವರು ಅರ್ಥ ಮಾಡಿಕೊಂಡರು. ನನಗೆ ಅದು ದೊಡ್ಡ ಆಸರೆ.

ಮುಂದಿನ ವಾರ ಆಫೀಸಿನಲ್ಲಿ ಒಂದು ಗಂಟೆ ಜಾಸ್ತಿ ಕೂತು ನೋಡಬೇಕು. ಆ ವಾರ ಗವಂತಿ ಇಲ್ಲ, ಅಂಚಿಗೆ ನೇಗಿ, ಅಂದರೆ ನೇಯ್ದಂತೆ ಕಾಣುವ ಸಾದಾ ಓಟದ ಹೊಲಿಗೆ ಮಾತ್ರ. ಎರಡನ್ನೂ ಒಟ್ಟಿಗೆ ಏರಿಸಿದರೆ ಯಾವುದರಿಂದ ದಣಿವಾಯಿತು ಅಂತ ಗೊತ್ತಾಗುವುದಿಲ್ಲ. ತಲೆ ತಡೆದುಕೊಂಡರೆ ಅದರ ಮುಂದಿನ ವಾರ ತೇರಿನ ಚಕ್ರ.